ಕೈ ತೊಳೆಯಲು ಹನ್ನೊಂದು ಹೆಜ್ಜೆ

ಮಾರ್ಚ್ ಮೂವತ್ತು, ಎರಡನೆಯ ಸಲ
ಕುಳಿತಿರುವಿಕೆಯ ಅರವತ್ತೈದನೇ ವರ್ಷ
ಉಪಚಾರದ ಮನೆ, ಕಳ್ಳಿಪಾಳ್ಯ

ಮುತ್ತಜ್ಜಿಯವರಾದ ಸಿದ್ದಗಂಗಮ್ಮನವರ ಸನ್ನಿಧಾನಕ್ಕೆ, ಇನ್ನೂ ಹುಟ್ಟಬೇಕಾಗಿರುವ ಮರಿಮಗಳು ಬಿಡದಮ್ಮ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿಯಂತೆ. ಪದ್ಧತಿಗಳಿಂದ ನಮಗಾಗಿರುವುದೇ ಸಾಕಷ್ಟಿರುವುದರಿಂದ ಬರೆಯುತ್ತಿಲ್ಲ.

ಮೊದಲಿಗೆ ತಾರೀಖಿನ ಬಗ್ಗೆ ಕ್ಷಮೆ ಕೋರುತ್ತೇನೆ. ನಮ್ಮಲ್ಲಿ ಮಾರ್ಚ್ ಮೂವತ್ತೊಂದು ಬರುವುದಿಲ್ಲ. ಯಜಮಾನರು, ಅಂದರೆ ನಮ್ಮ ಮುಖ್ಯಮಂತ್ರಿಗಳು, ನಿವೃತ್ತನಾಗುತ್ತೇನೆ ಎಂದು ಹೇಳಿದ್ದು ಆ ದಿನಕ್ಕೆ. ಅವರು ನಿವೃತ್ತರಾಗಲಿಲ್ಲ, ಹಾಗಿರುವಾಗ ಆ ದಿನ ಮಾತ್ರ ವರ್ಷ ವರ್ಷವೂ ಬಂದು ಮುಖ ತೋರಿಸುವುದು ಅಧಿಕಪ್ರಸಂಗವೆಂದು ವಿಧಾನಸಭೆ ಒಮ್ಮತದಿಂದ ಅದನ್ನು ಕಿತ್ತುಹಾಕಿತು. ತಿಂಗಳಿಗೆ ದಿನ ಕಮ್ಮಿ ಬೀಳಬಾರದೆಂದು ಮೂವತ್ತನ್ನೇ ಎರಡು ಸಲ ಮಾಡುತ್ತೇವೆ. ಎರಡನೆಯ ಮೂವತ್ತರಂದು ಹುಟ್ಟಿದ ನನ್ನ ಚಿಕ್ಕಪ್ಪನ ಜಾತಕ ಬರೆಯಲು ಯಾವ ಜೋಯಿಸರೂ ಒಪ್ಪಲಿಲ್ಲ, ಹೀಗಾಗಿ ಅವನಿಗೆ ಮದುವೆಯೂ ಇಲ್ಲ. ಆದರೆ ಈ ಏರ್ಪಾಟಿನಿಂದ ಒಂದು ಉಪಕಾರವಾಗಿದೆ. ಕಾಗದದ ಮೇಲೆ ಮಾರ್ಚ್ ಮೂವತ್ತೊಂದಕ್ಕೆ ತಲುಪಿಸಿ ಎಂದು ಬರೆದು ಇವತ್ತು ಅಂಚೆಗೆ ಹಾಕಿದರೆ, ವಿಂಗಡಿಸುವ ಯಂತ್ರ ಆ ತಾರೀಖನ್ನು ಹುಡುಕುತ್ತ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಹೋಗುತ್ತದೆ. ಕಟ್ಟಕಡೆಯ ಮೂವತ್ತೊಂದು ಎಲ್ಲಿ ಸಿಕ್ಕಿತೋ ಅಲ್ಲಿ ಕಾಗದವನ್ನು ಉದುರಿಸುತ್ತದೆ. ಇದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ. ನಿಮ್ಮ ಕೈಯಲ್ಲಿ ಈ ಕಾಗದದ ಜೊತೆಗೆ ‘ಸಾರಿಗೆ ಉಪ್ಪು ಕಮ್ಮಿ’ ಎಂಬ ಚೀಟಿಯೂ ಇರಬೇಕು. ಅದು ಹೋದ ವರ್ಷ ನಾನೇ ಪರೀಕ್ಷೆಗೆಂದು ಕಳಿಸಿದ್ದು. ಗಾಬರಿ ಬೇಡ. ಆದರೆ ಸಾರಿಗೆ ನಿಜವಾಗಿಯೂ ಉಪ್ಪು ಕಮ್ಮಿಯಾಗಿತ್ತಂತೆ, ಒಂದು ಚಿಟಿಕೆ ಹಾಕಿಬಿಡಿ.

ಈಗ ನಿಮ್ಮ ಈ ದಿನದ ವಿಚಾರ. ನಿಮಗೆ ಇಪ್ಪತ್ತಾರು ವರ್ಷ, ತಾಲ್ಲೂಕು ಪಂಚಾಯಿತಿಗೆ ಹೊಸದಾಗಿ ಗೆದ್ದಿದ್ದೀರಿ. ಇವತ್ತು ಮಧ್ಯಾಹ್ನ ಕಳ್ಳಿಪಾಳ್ಯದ ಪ್ರವಾಸಿ ಮಂದಿರದಲ್ಲಿ ಮುಖ್ಯಮಂತ್ರಿ ದೊಡ್ಡೇರಿ ಚಿಕ್ಕರಂಗಪ್ಪನವರಿಗೆ ಬೀಳ್ಕೊಡುಗೆಯ ಊಟ. ಬಡಿಸುವ ಉಸ್ತುವಾರಿ ನಿಮ್ಮದು. ಅವರಿಗೆ ಎಪ್ಪತ್ತು. ‘ಸಾಕು, ಹುಡುಗರು ನೋಡಿಕೊಳ್ಳಲಿ’ ಎಂದು ಅವರೇ ಹೇಳಿಯಾಗಿದೆ. ರಾಜೀನಾಮೆ ಪತ್ರ ಜುಬ್ಬದ ಜೇಬಿನಲ್ಲಿದೆ, ಸಂಜೆ ರಾಜ್ಯಪಾಲರ ಕೈಗೆ ಕೊಡಬೇಕು. ಅವರು ಉಂಡು ಎಲೆಯ ಮುಂದಿನಿಂದ ಏಳುತ್ತಾರೆ. ಆಗ ನೀವು, ಮನೆಗೆ ಬಂದ ನೆಂಟರಿಗೆ ಯಾರಾದರೂ ಹೇಳುವ ಹಾಗೆ, ‘ಅಯ್ಯೋ, ಇಷ್ಟ್ ಬಿರ್ನೆ ಎದ್ಬಿಟ್ರಾ? ಇನ್ನೊಂದ್ ಗಳ್ಗೆ ಕುಂತ್ಕಳಿ ಸ್ವಾಮಿ’ ಎನ್ನುತ್ತೀರಿ. ಅವರು ಕೂರುತ್ತಾರೆ. ಪತ್ರಿಕೆಯವರು ಫೋಟೋ ಹೊಡೆಯುತ್ತಾರೆ. ‘ಹೆಣ್ಮಗಳ ಮಾತು ತೆಗೆದುಹಾಕೋದು ಹೆಂಗೆ?’ ಎಂದು ಅವರು ಕೇಳುತ್ತಾರೆ, ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ತಟ್ಟುತ್ತದೆ, ಸಂಜೆಯೊಳಗೆ ರಾಜೀನಾಮೆ ನಾಲ್ಕು ಚೂರಾಗಿರುತ್ತದೆ. ಆ ಇನ್ನೊಂದು ಗಳಿಗೆಯೊಳಗೇ ನಾವು ಬದುಕುತ್ತಿದ್ದೇವೆ.

ಅವರು ಕೆಟ್ಟವರಾಗಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು. ನಿಮ್ಮ ಕಾಲದವರು ಕುರುಡರೇನೂ ಅಲ್ಲ. ಹನ್ನೊಂದು ವರ್ಷ ಅವರು ಕೆರೆ ಹೂಳೆತ್ತಿಸಿದರು, ಎಂಟನೇ ತರಗತಿಯ ಹುಡುಗಿಯರಿಗೆಲ್ಲ ಸೈಕಲ್ ಕೊಟ್ಟರು, ಊರೂರಿಗೆ ಬಂದು ಮರದ ಕೆಳಗೆ ಕೂತು ಅಹವಾಲು ಕೇಳಿದರು. ಆಮೇಲೆ ದಣಿದರು. ದಣಿದವರು ಹೊಸದನ್ನು ಯೋಚಿಸುವುದಿಲ್ಲ, ಮಾಡಿದ್ದನ್ನೇ ಮಾಡುತ್ತಾರೆ. ಈಗಲೂ ಪ್ರತಿ ವರ್ಷ ಕೆರೆ ಹೂಳೆತ್ತುತ್ತಾರೆ. ನಮ್ಮೂರ ಕೆರೆ ಎಷ್ಟು ಆಳವಾಗಿದೆಯೆಂದರೆ ನೀರು ಕಾಣಬೇಕಾದರೆ ಏಣಿ ಇಳಿಯಬೇಕು. ಈಗಲೂ ಎಂಟನೇ ತರಗತಿಯ ಪ್ರತಿ ಹುಡುಗಿಗೂ ಅದೇ ನೀಲಿ ಸೈಕಲ್. ಓಡಾಟವೆಲ್ಲ ಮೇಲುದಾರಿಯ ಮೇಲೆ, ಅಂದರೆ ಕಂಬಗಳ ಮೇಲೆ ಜಾರುವ ಬಂಡಿಗಳಲ್ಲಿ. ನೆಲದ ರಸ್ತೆಗಳು ಮುಳ್ಳು ಬೆಳೆದು ಮುಚ್ಚಿಹೋಗಿವೆ. ಸೈಕಲ್ಲುಗಳನ್ನು ನಾವು ಹಿತ್ತಿಲ ಬೇಲಿಗೆ ಹಾಕುತ್ತೇವೆ, ಹೀರೆ ಬಳ್ಳಿ ಹಬ್ಬಿಸುತ್ತೇವೆ, ಒದ್ದೆ ಬಟ್ಟೆ ಒಣಗಿಸುತ್ತೇವೆ. ನಮ್ಮ ಮನೆಯಲ್ಲಿ ಹದಿನಾಲ್ಕು ಇವೆ. ಯಾರಿಗೂ ತುಳಿಯಲು ಬರುವುದಿಲ್ಲ. ಇದು ಸಾಕು, ಬೇರೆ ಏನಾದರೂ ಕೊಡಿ ಎಂದು ಹೇಳುವ ಅರ್ಜಿ ಇಪ್ಪತ್ತಮೂರು ವರ್ಷದಿಂದ ಅವರ ಮೇಜಿನ ಮೇಲಿದೆ. ಕೇಳಿದರೆ ‘ಯಜಮಾನರು ಓದ್ತಾ ಅವ್ರೆ’ ಎನ್ನುತ್ತಾರೆ.

ರಾಜಕೀಯ ಇಲ್ಲವೆಂದು ತಿಳಿಯಬೇಡಿ. ತಪ್ಪದೆ ಐದು ವರ್ಷಕ್ಕೊಂದು ಚುನಾವಣೆ ನಡೆಯುತ್ತದೆ. ಮತಯಂತ್ರದಲ್ಲಿ ಎರಡು ಗುಂಡಿ: ‘ಇನ್ನೊಂದು ಸಲ ಕೂರಲಿ’, ‘ಇನ್ನೆರಡು ಸಲ ಕೂರಲಿ’. ಆಳುವ ಪಕ್ಷ ಒಂದು ಎನ್ನುತ್ತದೆ. ವಿರೋಧ ಪಕ್ಷ ಎರಡು ಎಂದು ಹಟ ಹಿಡಿದು ಧರಣಿ ಕೂರುತ್ತದೆ. ಇನ್ನು ಮುಂದಿನವರು ಎಂಬ ವರ್ಗವಿದೆ. ಚಿಕ್ಕರಂಗಪ್ಪನವರ ನಂತರ ಮುಖ್ಯಮಂತ್ರಿಯಾಗಬೇಕಾಗಿದ್ದವರನ್ನು ನಿಮ್ಮ ಕಾಲದ ಪತ್ರಿಕೆಗಳು ಮುಂದಿನವರು ಎನ್ನುತ್ತಿದ್ದವಲ್ಲ, ಅವರ ಮಕ್ಕಳು, ಮೊಮ್ಮಕ್ಕಳು. ಅವರಿಗೆ ಬೆಂಗಳೂರಿನಲ್ಲಿ ಒಂದು ಬೀದಿಯೇ ಇದೆ. ಪ್ರಮಾಣವಚನಕ್ಕೆಂದು ಆಗ ಹೊಲಿಸಿದ್ದ ಜುಬ್ಬಗಳನ್ನು ತಂದೆಯಿಂದ ಮಗನಿಗೆ, ಮಗನಿಂದ ಮಗನಿಗೆ ಚಿಕ್ಕದು ದೊಡ್ಡದು ಮಾಡಿಸಿ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಜುಬ್ಬ ತೊಟ್ಟು, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಮ್ಮೆ ನಾನು ಆ ಬೀದಿಯ ತುದಿಯಲ್ಲಿ ನಿಂತು ‘ಕಾರ್ ಬಂತು, ಕಾರ್ ಬಂತು’ ಎಂದು ಕೂಗಿದ್ದೆ. ನಲವತ್ತು ಜನ ಒಟ್ಟಿಗೆ ಎದ್ದು ನಿಂತರು. ಅವರಲ್ಲಿ ಒಬ್ಬ ಮುದುಕ ಓಡಲು ಹೋಗಿ ಬಿದ್ದ. ನಗಬೇಕೆಂದು ಮಾಡಿದ ಕೆಲಸ, ನಗು ಬರಲಿಲ್ಲ.

ಯಜಮಾನರೇ ನಿವೃತ್ತರಾಗದಿರುವಾಗ ಬೇರೆಯವರು ಆಗುವುದು ಅಹಂಕಾರವಾದೀತೆಂದು ಇಲ್ಲಿ ಯಾರೂ ನಿವೃತ್ತರಾಗುವಂತಿಲ್ಲ. ನಮ್ಮ ಮೇಷ್ಟರಿಗೆ ತೊಂಬತ್ತು. ಪಾಠದ ನಡುವೆ ಮಲಗುತ್ತಾರೆ, ನಾವೂ ಮಲಗುತ್ತೇವೆ. ನನ್ನ ಅಮ್ಮನ ಕಣ್ಣಿಗೆ ಪೊರೆ ಬಂದಾಗ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೆ ತೊಂಬತ್ಮೂರು. ಒಳ್ಳೆಯ ಮನುಷ್ಯ. ಕೈ ನಡುಗುತ್ತದೆಂದು ಅವರೇ ಮೂರು ಸಲ ಹೇಳಿದರು. ನಮ್ಮವರೇ ‘ಅಯ್ಯೋ, ಹಂಗನ್ಬ್ಯಾಡಿ ಡಾಕ್ಟ್ರೇ, ನಿಮ್ ಕೈಗುಣ ಯಾರಿಗೈತೆ’ ಎಂದರು. ಮರ್ಯಾದೆಗೆ ಅಂದ ಮಾತು. ಅಮ್ಮನಿಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ.

ಹೀಗಾಗಿಯೇ ಕೆಲಸ ನನ್ನ ಪಾಲಿಗೆ ಬಂತು. ಕೆಲಸವೇನೆಂದು ಹೇಳುತ್ತೇನೆ. ಅವತ್ತು ನೀವು ಹೇಳಿದ ಮಾತನ್ನು ನಾಲ್ಕೇ ತಿಂಗಳಲ್ಲಿ ಕಾಯ್ದೆ ಮಾಡಿದರು. ಐದು ವರ್ಷಕ್ಕೊಮ್ಮೆ, ಎರಡನೆಯ ಮೂವತ್ತರಂದು, ಕಳ್ಳಿಪಾಳ್ಯದ ಮೈದಾನದಲ್ಲಿ ತಡೆಹಬ್ಬ. ಯಜಮಾನರು ಎಲೆಯ ಮುಂದೆ ಕೂತು ಉಣ್ಣಬೇಕು, ಏಳಬೇಕು, ಕೈ ತೊಳೆಯುವ ನಲ್ಲಿಯ ಕಡೆಗೆ ನಡೆಯಬೇಕು. ಎಲೆಯಿಂದ ನಲ್ಲಿಗೆ ಹನ್ನೊಂದು ಹೆಜ್ಜೆ. ಅಷ್ಟರೊಳಗೆ ಉಪಚಾರದ ಮನೆಯ, ಅಂದರೆ ನಿಮ್ಮ ವಂಶದ, ಹೆಣ್ಣುಮಗಳು ತಡೆದರೆ ಅವರು ವಾಪಸು ಕೂರಲೇಬೇಕು, ಇನ್ನೈದು ವರ್ಷ. ಯಾರೂ ತಡೆಯದೆ ಕೈಗೆ ನೀರು ಬಿತ್ತೆಂದರೆ ಊಟ ಮುಗಿಯಿತು. ಕೈ ತೊಳೆದವರನ್ನು ಮತ್ತೆ ಎಲೆಗೆ ಕೂರಿಸುವುದು ಎಲ್ಲಿಯೂ ಇಲ್ಲ, ಕಾಯ್ದೆಯಲ್ಲಿಯೂ ಇಲ್ಲ. ಅವರು ಊರಿಗೆ ಹೋಗಬಹುದು. ಮುಂದುವರಿಕೆ ನಿಲ್ಲುತ್ತದೆ, ಅಂದರೆ ವರ್ಷಕ್ಕೆ ಎರಡು ಸಲ ಅವರ ರಕ್ತ ಬದಲಿಸಿ, ಎಲುಬಿಗೆ ಲೋಹ ತುಂಬಿ ನಡೆಸುತ್ತಿರುವ ಆ ಚಿಕಿತ್ಸೆ. ಅವರಿಗೆ ಈಗ ನೂರ ಮೂವತ್ತೈದು. ನೀವು ಎಂಟು ಸಲ ತಡೆದಿರಿ, ಅಜ್ಜಿ ನಾಲ್ಕು ಸಲ, ಅಮ್ಮ ಒಂದು ಸಲ. ಏಳುವುದು ಕಣ್ಣಿಗೆ ಕಾಣದವಳು ತಡೆಯುವುದು ಹೇಗೆ? ಹತ್ತೊಂಬತ್ತು ವರ್ಷದ ನನ್ನನ್ನು ನೇಮಿಸಿದರು.

ಮೂರು ತಿಂಗಳು ತಾಲೀಮು. ಉಪಚಾರ ಇಲಾಖೆಯ ನಿರ್ದೇಶಕರಾದ ಪರಶಿವಯ್ಯನವರಿಗೆ ಎಂಬತ್ತೆಂಟು. ಮಂಡಿನೋವು, ಮಾತು ಖಾರ. ‘ಏಯ್ ಬಿಡದಮ್ಮ, ಹಲ್ ಕಿರೀಬ್ಯಾಡ. ಗಂಟ್ಲಲ್ಲಿ ಒಂಚೂರು ಅಳು ಇರ್ಲಿ. ನಿಮ್ಮಜ್ಜಿ ಅಂದ್ರೆ ಕಲ್ಲು ಕರಗ್ತಿತ್ತು, ನೀನಂದ್ರೆ ಎಮ್ಮೆನೂ ತಿರುಗಲ್ಲ’ ಎಂದು ದಿನಾ ಬಯ್ಯುತ್ತಿದ್ದರು. ತಾಲೀಮಿನ ಕೊನೆಯ ವಾರ ಯಜಮಾನರನ್ನೇ ಕರೆತಂದರು. ನಾನು ಅವರನ್ನು ಹತ್ತಿರದಿಂದ ಕಂಡದ್ದು ಆಗಲೇ. ಪಟದಲ್ಲಿರುವ ಗಡಸು ಮುಖವಲ್ಲ. ಒಣಗಿದ ಹುಣಿಸೆಹಣ್ಣಿನಂಥ ಮುಖ, ನಡುವೆ ಎರಡು ಎಚ್ಚರದ ಕಣ್ಣು. ಪರಶಿವಯ್ಯನವರು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಆಚೆಗೆ ಹೋದಾಗ ಅವರು ನನ್ನ ಕಡೆ ಬಾಗಿದರು.

‘ಮಗಾ, ಈ ಸಲ ನೀನು ಬಾಯಿ ಬಿಡಬ್ಯಾಡ. ನಂಗೆ ಕೈ ತೊಳ್ಕಬೇಕು’ ಎಂದರು.

ಅರವತ್ತೈದು ವರ್ಷದಿಂದ ಅವರ ಎಂಜಲು ಬೆರಳು ಒಣಗಿ ಕೂತಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಬಾಲವಾಡಿಯಿಂದಲೂ ಅವರನ್ನು ಬಯ್ಯುತ್ತ, ಅವರ ಪಟಕ್ಕೆ ಮೀಸೆ ಬರೆಯುತ್ತ ಬೆಳೆದವಳು. ಅವರೇ ಹಿಡಿದು ಕೂತಿದ್ದಾರೆಂದು ತಿಳಿದಿದ್ದೆ. ಹಾಗಾದರೆ ಮೊದಲ ಸಲ ಯಾಕೆ ಕೂತಿರಿ, ನಮ್ಮ ಮುತ್ತಜ್ಜಿ ಬಾಯಿಮಾತಿಗೆ ಅಂದಳು, ಅಷ್ಟೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. ‘ನಿಮ್ ಮುತ್ತಜ್ಜಿದೇನ್ ತಪ್ಪಿಲ್ಲ ಕಣವ್ವ. ನಾನೇ ನಿಂತ್ಕಂಡೆ. ಎದ್ದೋನು ಸೀದಾ ಹೋಗ್ಬೇಕಾಗಿತ್ತು. ಮಂಡಿ ಮ್ಯಾಲೆ ಕೈ ಇಟ್ಕಂಡು, ಯಾರಾರ ಏನಾರ ಅಂತಾರಾ ಅಂತ ಒಂದ್ ಗಳ್ಗೆ ಕಾದೆ. ಯಾರೂ ಅನ್ನದೇ ಹೋದ್ರೆ ಅನ್ನೋ ಭಯ. ಆ ಒಂದ್ ಗಳ್ಗೆ ಇನ್ನೂ ಮುಗುದಿಲ್ಲ ನೋಡು.’ ಎರಡನೇ ಸಲದಿಂದಾಚೆಗೆ ಪ್ರತಿ ಸಲವೂ ಹೋಗಬೇಕೆಂದೇ ಎದ್ದರಂತೆ. ಮೂರನೇ ಸಲ ನಿಮ್ಮ ಹತ್ತಿರವೂ ಕೇಳಿಕೊಂಡಿದ್ದರಂತೆ. ನೀವು ಕಣ್ಣಲ್ಲಿ ನೀರು ತಂದುಕೊಂಡು, ‘ಅಯ್ಯೋ, ಹಂಗೆಲ್ಲ ಅನ್ಬಾರದು’ ಎಂದಿರಂತೆ.

ನಾನು ಮಾತು ಕೊಟ್ಟೆ. ಜೀವಮಾನದಲ್ಲಿ ಗಂಭೀರವಾಗಿ ಮಾತು ಕೊಟ್ಟದ್ದು ಅದೊಂದೇ ಸಲ. ಅವತ್ತಿನಿಂದ ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಮನೆಗೆ ನೆಂಟರು ಬಂದು ಎದ್ದಾಗಲೆಲ್ಲ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. ಸೋದರತ್ತೆ ಮುನಿಸಿಕೊಂಡು ಹೋದಳು. ‘ಎದ್ದೋಳ್ನ ಒಂದ್ ಮಾತು ಕೂತ್ಕೋ ಅನ್ನಲ್ಲ, ಯಾವ್ ಸೀಮೆ ಹುಡುಗಿ ಇದು’ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ನನಗೆ ಹೆಮ್ಮೆಯಾಯಿತು. ಸಾಲದೆಂದು ಇವತ್ತು ಬೆಳಿಗ್ಗೆ ಒಂದು ನೆಲ್ಲಿಕಾಯಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಹೋದೆ, ನಾಲಗೆ ಮಿಸುಕಾಡದಿರಲೆಂದು.

ಮೈದಾನದಲ್ಲಿ ಎರಡು ಲಕ್ಷ ಜನ. ಯಜಮಾನರು ನಾಲ್ಕು ತುತ್ತು ಅನ್ನ ಸಾರು ಉಂಡರು. ಎದ್ದರು. ಈ ಸಲ ನಿಲ್ಲಲಿಲ್ಲ ಮುತ್ತಜ್ಜಿ, ಮಂಡಿಯ ಮೇಲೆ ಕೈ ಇಡಲಿಲ್ಲ, ಎದ್ದವರೇ ನಡೆದರು. ಒಂದು, ಎರಡು, ಮೂರು. ಪರಶಿವಯ್ಯನವರು ನನ್ನ ಕಡೆ ಕಣ್ಣು ಬಿಟ್ಟರು. ನಾಲ್ಕು, ಐದು. ಎರಡು ಲಕ್ಷ ಜನ ಉಸಿರು ಹಿಡಿದದ್ದು ಕೇಳಿಸುತ್ತಿತ್ತು. ಆರು, ಏಳು. ಮುಂದಿನವರ ಸಾಲಿನಲ್ಲಿ ಯಾರೋ ಜುಬ್ಬದ ಗುಂಡಿ ಹಾಕಿಕೊಳ್ಳುತ್ತಿದ್ದರು. ಎಂಟು. ಅವರ ಬೆನ್ನು ನೋಡಿದೆ. ಶಾಲೆ ಬಿಟ್ಟ ಮಗುವಿನ ಬೆನ್ನಿನ ಹಾಗಿತ್ತು. ಒಂಬತ್ತು. ನನ್ನ ಕಣ್ಣು ಅವರನ್ನು ಬಿಟ್ಟು, ದೇವರಾಣೆ ಯಾಕೋ ಗೊತ್ತಿಲ್ಲ, ಎಲೆಯ ಕಡೆಗೆ ಹೊರಳಿತು. ಎಲೆಯ ತುದಿಯಲ್ಲಿ ಹೋಳಿಗೆ ಹಾಗೇ ಇತ್ತು. ತುಪ್ಪ ಹಾಕಿದ ಹೋಳಿಗೆ, ಮುರಿದೇ ಇಲ್ಲ. ಬೇಗ ಏಳುವ ಆತುರದಲ್ಲಿ ಮುಟ್ಟಿಯೇ ಇರಲಿಲ್ಲ.

‘ಅಯ್ಯೋ, ಹೋಳ್ಗೆ ಹಂಗೇ ಬಿಟ್ಬಿಟ್ರಲ್ಲ! ಇದೊಂದ್ ತಿಂದ್ ಹೋಗಿ.’

ನೆಲ್ಲಿಕಾಯಿ ಹಾರಿ ಎಲೆಯ ಮೇಲೆ ಬಿದ್ದಾಗಲೇ ಅದು ನನ್ನದೇ ದನಿ ಎಂದು ನನಗೆ ತಿಳಿದದ್ದು. ಇಲಾಖೆಯವರು ಕಲಿಸಿದ ಮಾತಲ್ಲ ಅದು. ಅಳು ಇರಲಿಲ್ಲ, ರಾಗ ಇರಲಿಲ್ಲ. ನಿಜವಾದ ಮಾತು. ಹೋಳಿಗೆ ಬಿಟ್ಟು ಏಳುವವರಿಗೆ ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆ ಬರುವ ಮಾತು. ಪರಶಿವಯ್ಯನವರು ಗಂಟೆ ಬಾರಿಸಿಬಿಟ್ಟರು. ಎರಡು ಲಕ್ಷ ಜನ ಜಯಕಾರ ಹಾಕಿದರು. ಇಂಥ ಮನಸ್ಸಿಗೆ ಮುಟ್ಟುವ ತಡೆ ಅರವತ್ತೈದು ವರ್ಷದಲ್ಲೇ ಆಗಿರಲಿಲ್ಲವಂತೆ. ಮುಂದಿನವರು ಗುಂಡಿ ಬಿಚ್ಚಿದರು.

ಯಜಮಾನರು ನಲ್ಲಿಗೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ತಿರುಗಿದರು. ನಿಧಾನವಾಗಿ ವಾಪಸು ಬಂದು ಕೂತರು. ನನಗೆ ಮಾತ್ರ ಕೇಳುವ ಹಾಗೆ, ‘ಅಳಬ್ಯಾಡ ಬಿಡವ್ವ. ಮರ್ಯಾದಸ್ತರ ಮನೆ ಹುಡುಗಿ ನೀನು, ಇನ್ನೇನ್ ಮಾಡೀಯೆ’ ಎಂದರು. ಹಲ್ಲಿಲ್ಲ. ಹೋಳಿಗೆಯನ್ನು ಚೂರು ಚೂರು ಮಾಡಿ, ಸಾರಿನಲ್ಲಿ ನೆನೆಸಿ, ಪೂರ್ತಿ ತಿಂದರು. ನನ್ನ ಮುಖ ನೋಡಿಕೊಂಡೇ ತಿಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮನೆಗೆ ಬಂದು, ಅಮ್ಮನ ಪಕ್ಕ ಕೂತು, ಈ ಕಾಗದ ಬರೆಯುತ್ತಿದ್ದೇನೆ. ಅಂಚೆಯವರು ಐದು ಗಂಟೆಗೆ ಡಬ್ಬ ತೆಗೆಯುತ್ತಾರೆ. ನನ್ನಿಂದ ಆಗಲಿಲ್ಲ. ಐದು ವರ್ಷದ ನಂತರವೂ ಆಗುವುದಿಲ್ಲ. ನಮಗೆ ಈ ಮಾತು ರಕ್ತಕ್ಕೆ ಇಳಿದುಹೋಗಿದೆ. ಆದರೆ ನಿನಗೆ ಅದಿನ್ನೂ ಬರೀ ಬಾಯಿಮಾತು. ಇಷ್ಟು ಹೊತ್ತು ಬಹುವಚನ ಹಚ್ಚಿದ್ದು ಸಾಕು, ನೀನು ನನಗಿಂತ ಏಳೇ ವರ್ಷ ದೊಡ್ಡವಳು. ನೀನು ಸುಮ್ಮನಿದ್ದರೆ ನಮಗೆ ಈ ಮನೆ ಇರುವುದಿಲ್ಲ. ನಾನೂ ಇರಲಿಕ್ಕಿಲ್ಲ, ತಾತ ಅಜ್ಜಿಯನ್ನು ಮದುವೆಯಾದದ್ದೇ ಉಪಚಾರದ ಮನೆಯ ಅಳಿಯನಾಗುವ ಆಸೆಗೆ, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಪರವಾಗಿಲ್ಲ. ಯಾರೋ ಬೇರೆ ಹುಡುಗಿ ಹುಟ್ಟಲಿ, ಅವಳಮ್ಮನ ಕಣ್ಣನ್ನು ನಲವತ್ತು ವರ್ಷದ ಡಾಕ್ಟರೊಬ್ಬ ನೋಡಲಿ. ನಾಳೆಯಿಂದ ಬರುವ ಹೊಸ ಮುಖ್ಯಮಂತ್ರಿ ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಮುಂದಿನವರ ಮೊಮ್ಮಕ್ಕಳನ್ನು ಕಂಡವಳು ನಾನು. ಅವನು ಕಳ್ಳನೋ, ಮೂರ್ಖನೋ ಆಗಿರುವ ಸಾಧ್ಯತೆಯೇ ಹೆಚ್ಚು. ಆಗಿರಲಿ. ಅವನನ್ನು ಬಯ್ದು ಇಳಿಸಬಹುದು. ಒಳ್ಳೆಯವರನ್ನು ಇಳಿಸಲು ನಮಗೆ ಮಾತೇ ಗೊತ್ತಿಲ್ಲ.

ನಿನ್ನನ್ನು ಜನ ಬಯ್ಯುತ್ತಾರೆ. ಪತ್ರಿಕೆಯಲ್ಲಿ ಬರುತ್ತದೆ: ಹಿರಿಯರು ಎದ್ದರೆ ಕೂರಿ ಎನ್ನದ ಸಂಸ್ಕಾರವಿಲ್ಲದ ಸದಸ್ಯೆ. ನಿನ್ನ ಅತ್ತೆ ಒಂದು ತಿಂಗಳು ಮಾತು ಬಿಡುತ್ತಾಳೆ. ಮುಂದಿನ ಚುನಾವಣೆಯಲ್ಲಿ ಸೋಲುತ್ತೀ. ಸೋತು ಮನೆಯಲ್ಲಿರು, ತಾಯಿ. ಒಂದು ರಾಜ್ಯದ ಪರವಾಗಿ ಒಂದು ಗಳಿಗೆ ಮರ್ಯಾದೆಗೆಟ್ಟವಳಾಗು.

ನೆಲ್ಲಿಕಾಯಿ ಇಟ್ಟುಕೊಳ್ಳಬೇಡ, ಉಪಯೋಗವಿಲ್ಲ. ಹೋಳಿಗೆ ಮಾಡಿಸಿಯಾಗಿದ್ದರೆ ಅವರ ಎಲೆಗೆ ಹಾಕಿಸಬೇಡ. ಅವರು ಎದ್ದಾಗ ಎಲೆ ನೋಡಬೇಡ. ಮುಖವನ್ನಂತೂ ನೋಡಲೇಬೇಡ, ಅವರು ಮಂಡಿಯ ಮೇಲೆ ಕೈಯಿಟ್ಟು ನಿಂತೇ ನಿಲ್ಲುತ್ತಾರೆ, ಆ ಮುಖ ಕೇಳಿಯೇ ಕೇಳುತ್ತದೆ. ನಲ್ಲಿಯವರೆಗೆ ಅವರನ್ನು ನಡೆಸಬೇಡ, ಹನ್ನೊಂದು ಹೆಜ್ಜೆ ಬಹಳ ದೂರ. ಚೊಂಬು ತುಂಬಿಸಿ ಎಲೆಯ ಪಕ್ಕದಲ್ಲೇ ನಿಂತಿರು. ಅವರು ಎದ್ದ ಕೂಡಲೆ ಕೈ ಹಿಡಿದು ನೀರು ಹೊಯ್ಯಿ. ಐದು ಬೆರಳೂ ಒದ್ದೆಯಾಗುವ ತನಕ ಬಾಯಿ ತೆರೆಯಬೇಡ.

ಬಿಡದಮ್ಮ